ಗೇಟಿನ ಹ್ಯಾಂಡಲ್ ನನ್ನ ಚೀಲದಲ್ಲಿ

ಆಳಂದದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ನೀರಿಗೆ ಇಳಿಯುವವರು ಖಾಜಾ ಚಾಚಾ. ಅವರ ಗಾಳಿಯ ಪೈಪು, ಹಗ್ಗ ಹಿಡಿದು ಮೇಲೆ ನಿಲ್ಲುವವನು ನಾನು. ಹೆಲ್ಮೆಟ್ಟಿನ ಚೀಲ ನೋಡಿ ಕಂಡಕ್ಟರ್, "ಒಳಗ ಏನದ, ಕುಂಬಳಕಾಯೇನು?" ಎಂದ. "ತಲಿ ಅದ, ಅರ್ಧ ಟಿಕೆಟ್ ಕೊಡು" ಎಂದರು ಚಾಚಾ. ಅವನು ಪೂರ್ತಿ ಟಿಕೆಟ್ಟೇ ಹರಿದ.

ಅಫಜಲಪುರದ ಕಡೆ ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜಿನ ಗೇಟಿನಡಿ ಮರದ ದಿಮ್ಮಿ ಸಿಕ್ಕಿಕೊಂಡಿತ್ತು. ಇಳಿಯುವ ಮೊದಲು ಚಾಚಾ ಪಕ್ಕದ ಗೇಟು ಮುಚ್ಚಿಸಿ, ಗೇಟು ಎತ್ತುವ ಹ್ಯಾಂಡಲ್ ಬಿಚ್ಚಿ ನನ್ನ ಚೀಲಕ್ಕೆ ಹಾಕಿದರು. ಗೇಟು ಒಂದು ಗೇಣು ಎದ್ದರೂ ಸಾಕು, ನೀರು ಮನುಷ್ಯನನ್ನು ಸಂದಿಗೆ ಎಳೆದು ಒತ್ತಿ ಹಿಡಿಯುತ್ತದೆ. ಹತ್ತು ಜನ ಜಗ್ಗಿದರೂ ಬಿಡುವುದಿಲ್ಲ. ಹಿಂದೆ ಚಾಚಾ ಮುಂಬೈಯಲ್ಲಿ ಹಡಗಿನ ತಳಕ್ಕೆ ಇಳಿಯುವಾಗಲೂ ಇಂಜಿನ್ ಕೀಲಿ ಮೇಲೆ ನಿಂತ ಜೊತೆಗಾರನ ಕೈಯಲ್ಲೇ ಇರುತ್ತಿತ್ತಂತೆ. ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ರೊಟ್ಟಿ, ಪುಂಡಿ ಪಲ್ಯ ತಿಂದೆವು.

ಮರುದಿನ ಜೇವರ್ಗಿ ಕಡೆಯ ಬ್ಯಾರೇಜು. ಅಲ್ಲೂ ಅದೇ ಕೆಲಸ. ಬಿಸಿಲಿಗೆ ಕಬ್ಬಿಣ ಮುಟ್ಟುವಂತಿರಲಿಲ್ಲ. ಹ್ಯಾಂಡಲ್ ಕೇಳಿದ್ದಕ್ಕೆ ಗುತ್ತಿಗೆದಾರನ ಸೂಪರ್‌ವೈಸರ್ ನಕ್ಕ.

"ಇದೇನ್ ಸಮುದ್ರ ಏನ್ರಿ ಚಾಚಾ? ಹೊಳಿ ಅದ. ಇಷ್ಟ ನೀರಿಗಿ ಎಷ್ಟ್ ನಾಟಕ ಮಾಡ್ತೀರಿ!"

"ಕೊಟ್ರ ಇಳೀತೇನಿ ಸಾಹೇಬ್ರ. ಇಲ್ಲಂದ್ರ ಬಸ್ ಹಿಡೀತೇನಿ."

ಕೊಟ್ಟ. ಇನ್ನೊಂದು ಹ್ಯಾಂಡಲ್ ಜೀಪಿನಲ್ಲಿದೆ ಎಂದು ಮಾತ್ರ ಹೇಳಲಿಲ್ಲ.

ಚಾಚಾ ತಳ ಮುಟ್ಟಿ ಅರ್ಧ ತಾಸಾಗಿತ್ತು. ಹಗ್ಗ ಒಮ್ಮೆಲೇ ಪಕ್ಕಕ್ಕೆ ಸರಿದು ಬಿಗಿಯಾಯಿತು. ತಲೆ ಎತ್ತಿದರೆ ಆ ಭಾಡ್ಯಾ ಪಕ್ಕದ ಗೇಟಿನ ಹ್ಯಾಂಡಲ್ ತಿರುಗಿಸುತ್ತಿದ್ದ!

"ಗೇಟ್ ಇಳಸೋ ಲೇ! ಒಳಗ ಮನುಷ್ಯಾ ಅದಾನ!" ಗಾಳಿ ಕಳಿಸುವ ಕಂಪ್ರೆಸರ್ ಸದ್ದಿನ ಮೇಲೆ ಕೂಗಿದೆ.

"ಸ್ವಲ್ಪನ ಎತ್ತೇನಿ. ಕೆಳಗಿನ ಊರವ್ರು ನೀರಿಗಿ ಫೋನ್ ಮ್ಯಾಲ ಫೋನ್ ಮಾಡಾಕತ್ತಾರ."

ಹೋಗಿ ಅವನಿಗೆ ಹೊಡೆಯೋಣವೆಂದರೆ ಹಗ್ಗ ಬಿಡುವಂತಿಲ್ಲ. ಬಿಟ್ಟರೆ ಚಾಚಾ ಹೋದರು. ಕಂಬಕ್ಕೆ ಕಾಲು ಕೊಟ್ಟು ಜಗ್ಗಿ ಹಿಡಿದು, ಅವನ ಏಳು ತಲೆಮಾರು ಬೈದೆ. ಕಡೆಗೆ ಇಳಿಸಿದ. ಕೆಳಗಿನಿಂದ ಹಗ್ಗ ನಾಲ್ಕು ಸಲ ಜಗ್ಗಿತು. ಮೇಲೆ ಎಳೆ ಎಂದು ಅದರ ಅರ್ಥ.

ಚಾಚಾ ಮೇಲೆ ಬಂದಾಗ ಒಂದು ಕಾಲಿನ ಬೂಟು ಇರಲಿಲ್ಲ. ಗೇಟಿನ ಸಂದಿ ನುಂಗಿತ್ತು. ಕಾಲು ಉಳಿದಿತ್ತು.

"ಏನೂ ಆಗಿಲ್ಲಲ್ಲ?" ಎಂದ ಸೂಪರ್‌ವೈಸರ್. ಏನೂ ಆಗಿಲ್ಲವಂತೆ!

ಚಾಚಾ ಅವನ ಕೈಯ ಹ್ಯಾಂಡಲ್ ಕಿತ್ತುಕೊಂಡು ಹೊಳೆಗೆ ಬಿಟ್ಟರು. ನನ್ನ ಚೀಲದಲ್ಲಿದ್ದದ್ದನ್ನೂ ತೆಗೆದು ನೀರಿಗೆ ಎಸೆದರು.

"ಇಳದು ತಗೋರಿ ಸಾಹೇಬ್ರ. ಹೊಳಿ ಅದ, ಸಮುದ್ರ ಅಲ್ಲ."

ವಾಪಸು ಬರುವ ಬಸ್ಸು ಅದೇ ಬ್ಯಾರೇಜಿನ ಮೇಲೆ ಹಾದುಹೋಯಿತು. ಚಾಚಾ ಒಂದು ಬರಿಗಾಲನ್ನು ಚೀಲದ ಮೇಲಿಟ್ಟು ಕುಳಿತಿದ್ದರು. ನಾನು ಕಿಟಕಿಯಿಂದ ನೋಡಿದೆ. ಸೂಪರ್‌ವೈಸರ್ ಇನ್ನೂ ಅಲ್ಲೇ ಬಗ್ಗಿ ನೀರು ನೋಡುತ್ತಾ ನಿಂತಿದ್ದ. ಅವನ ಎರಡೂ ಬೂಟು ಕಾಲಲ್ಲೇ ಇದ್ದವು, ಹನಿ ನೀರೂ ತಾಗಿರಲಿಲ್ಲ.