ಸೀರೆ ಟ್ರಂಕಿನಲ್ಲಿಟ್ಟ ಓಂಕಾಳು

ನನ್ನ ಮೊಮ್ಮಗಳ ಗೆರೆಗಳು ಹೊಂದಿದವು! ಮಿಷನ್ನೂ ಕೆಟ್ಟಿಲ್ಲ, ಅವಳ ಲೆಕ್ಕವೂ ತಪ್ಪಿಲ್ಲ. ಓದು ಬಿಟ್ಟುಬಿಡುತ್ತೇನೆ ಎಂದು ಬಂದು ಕೂತಿದ್ದವಳು ಇನ್ನು ಬಿಡುವುದಿಲ್ಲ. ಇದನ್ನು ಮೊದಲು ಹೇಳಿಬಿಡದಿದ್ದರೆ ಮಿಕ್ಕಿದ್ದೊಂದೂ ನನ್ನ ಬಾಯಿಂದ ಹೊರಡುವುದಿಲ್ಲ.

ನಾನು ಓದಿದ್ದು ಇದೇ ಅಜ್ಜಂಪುರದಲ್ಲಿ, ಮೂರನೇ ಕ್ಲಾಸು. ಮೊಮ್ಮಗಳ ಓದಿನ ವಿಷಯ ಅವಳು ಹೇಳಿದಷ್ಟೇ ಗೊತ್ತು. ಗಿಡಗಳ ಎಣ್ಣೆಯಲ್ಲಿ ಕಣ್ಣಿಗೆ ಕಾಣದ ಅಣುಗಳಿರುತ್ತವಂತೆ. ಗಾಳಿಯೆಲ್ಲ ತೆಗೆದ ಉಕ್ಕಿನ ಹಂಡೆಯೊಳಗೆ ಅವನ್ನು ಆವಿ ಮಾಡಿ ಊದುತ್ತಾರೆ. ಹಾಗೆ ಊದಿದಾಗ ಅವು ಕೊರೆಯುವಷ್ಟು ತಣ್ಣಗಾಗಿ ಗಿರಗಿರ ತಿರುಗುತ್ತವೆ. ಮೊಬೈಲಿಗೆ ಬರುವಂಥದ್ದೇ ಅಲೆಯನ್ನು ಅವುಗಳ ಮೇಲೆ ಹಾಯಿಸಿದರೆ, ತಿರುಗುವ ರೀತಿ ಕಂಪ್ಯೂಟರಿನಲ್ಲಿ ಗೆರೆಗೆರೆಯಾಗಿ ಬೀಳುತ್ತದೆ. ಆಕಾರ ಬೇರೆಯಾದರೆ ಗೆರೆಯೂ ಬೇರೆ. ಗೆರೆ ನೋಡಿಯೇ ಅಣು ಎತ್ತ ಬಾಗಿದೆ ಎಂದು ಹೇಳುತ್ತಾಳೆ ನಮ್ಮ ಹುಡುಗಿ!

ಅದಕ್ಕೆಂದು ಅವಳಿಗೆ ಓಂಕಾಳು ಬೇಕಾಗಿತ್ತು. ಕಡೂರಿನ ಕಡೆ ನನ್ನ ತಮ್ಮನ ಹೊಲದಲ್ಲಿ ಬೆಳೆದದ್ದನ್ನು ತರಿಸಿದೆ. "ಅಜ್ಜಿ, ಅಡುಗೆಗೆ ಯಾರೂ ಮುಟ್ಟಬಾರ್ದು, ಜೋಪಾನ" ಎಂದಿದ್ದಳು. ಜೋಪಾನವಾಗಿಯೇ ಇಟ್ಟಿದ್ದೆ. ಅವಳು ಅರ್ಧ ಒಯ್ದು ಎಣ್ಣೆ ತೆಗೆದರೆ, ಓಂಕಾಳಿನದಲ್ಲದ ಗೆರೆಗಳೂ ಬಂದವು. ಮಿಷನ್ನು ಬಿಚ್ಚಿ ತೊಳೆದರೂ ಮತ್ತೆ ಅವೇ. ಅವು ಯಾವುದರ ಗೆರೆ ಎಂದು ತಿಳಿಯುವವರೆಗೆ ಪ್ರಬಂಧ ಬರೆಯುವ ಹಾಗಿಲ್ಲ ಎಂದರಂತೆ ಕಾಲೇಜಿನಲ್ಲಿ ಅವಳಿಗೆ ದಾರಿ ತೋರಿಸುವ ಮೇಡಂ. ಹೋದ ವಾರ ಮನೆಗೆ ಬಂದವಳು, "ನನ್ ಕೈಲಾಗಲ್ಲ ಅಜ್ಜಿ. ತರೀಕೆರೇಲಿ ಯಾವ್ದಾದ್ರೂ ಸ್ಕೂಲಲ್ಲಿ ಪಾಠ ಹೇಳ್ಕೊಂಡಿರ್ತೀನಿ" ಎಂದಳು.

ಇವತ್ತು ಬೆಳಗ್ಗೆ, "ಉಳಿದಿರೋ ಓಂಕಾಳು ಅಡುಗೆಗೇ ಹಾಕ್ಬಿಡು" ಎಂದಳು. ಮಂಚದ ಕೆಳಗಿನ ಟ್ರಂಕು ಎಳೆದು, ರೇಷ್ಮೆ ಸೀರೆಗಳ ನಡುವಿನಿಂದ ಗಂಟು ತೆಗೆದುಕೊಟ್ಟೆ. ಮೂಸಿ ನೋಡಿದವಳು ಹಾಗೇ ನಿಂತಳು.

"ಅಜ್ಜೀ, ಇದನ್ನ ಇಲ್ಯಾಕೆ ಇಟ್ಟಿದ್ದೆ?"

"ಇನ್ನೆಲ್ಲಿಡ್ಲಿ? ಮನೇಲಿ ಇದಕ್ಕಿಂತ ಭದ್ರವಾದ ಜಾಗ ಎಲ್ಲೈತೆ? ನಿಮ್ ತಾತಾನೂ ಮುಟ್ಟಲ್ಲ."

"ಕರ್ಪೂರದ ವಾಸ್ನೆ!"

"ಸೀರೆಗೆ ಹುಳ ಬೀಳ್ಬಾರ್ದು ಅಂತ ಹಾಕಿದೀನಿ ಕಣೇ. ಅದಕ್ಯಾಕೆ ಹಂಗ್ ನೋಡ್ತೀಯ?"

ಅವಳು ಗಂಟು ಹಿಡಿದುಕೊಂಡೇ ಲ್ಯಾಪ್‌ಟಾಪ್ ಹತ್ತಿರ ಓಡಿದಳು. ಕರ್ಪೂರದ ಗೆರೆಗಳನ್ನು ಹಿಂದೆಯೇ ಯಾರೋ ಅಳೆದು ಬರೆದಿಟ್ಟಿದ್ದಾರಂತೆ. ಅವನ್ನು ತನ್ನವುಗಳ ಪಕ್ಕ ಇಟ್ಟು ನೋಡುತ್ತಾ, "ಇದೂ ಹೊಂದ್ತು, ಇದೂ ಹೊಂದ್ತು" ಎನ್ನುತ್ತಿದ್ದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಕರ್ಪೂರದ್ದೆಲ್ಲ ತೆಗೆದ ಮೇಲೆ ಉಳಿದದ್ದು ಓಂಕಾಳಿನದೇ, ಅವಳು ಲೆಕ್ಕ ಹಾಕಿದ್ದ ಹಾಗೆಯೇ! ಮೇಡಂಗೆ ಫೋನು ಮಾಡಿದಳು. ಅವರ ನಗು ಅಡುಗೆಮನೆಯವರೆಗೂ ಕೇಳಿಸಿತು.

"ಹಂಗಾರೆ ಇಷ್ಟೆಲ್ಲ ಆಗಿದ್ದು ನನ್ನಿಂದಾನೇನೇ?" ಎಂದೆ.

"ನಿನ್ನಿಂದಾನೇ. ಬಟ್ಟೆ ಗಂಟಿಗೆ ಹತ್ತಿದ್ ವಾಸ್ನೇನೂ ಬಿಟ್ಟಿಲ್ಲ ನೋಡು, ನಮ್ ಮಿಷನ್ನು!" ಎಂದು ನನ್ನನ್ನು ಬಾಚಿ ತಬ್ಬಿಕೊಂಡಳು. ಹೋದ ಜೀವ ಬಂದಂತಾಯಿತು ನನಗೆ.

"ನಲವತ್ತು ವರ್ಷದಿಂದ ಹೇಳ್ತಾ ಇದೀನಿ, ಆ ಟ್ರಂಕು ನಾರ್ತದೆ ಅಂತ. ಕೇಳೋರ್ಯಾರು?" ಎಂದರು ನಮ್ಮ ಯಜಮಾನರು.

ಸಂಜೆ ಮಗ ತರೀಕೆರೆಯಿಂದ ಬಸ್ಸಿಗೆ ಬಂದ. ಸೊಸೆ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದಳು. ನಾನು ಶಾವಿಗೆ ಪಾಯಸ ಕಾಯಿಸಿದೆ. ನಡುಮನೆಯಲ್ಲಿ ಐವರೂ ಸುತ್ತ ಕೂತೆವು.

"ಸೋಮವಾರದ ರೈಲಿಗೆ ವಾಪಸ್ ಕಾಲೇಜಿಗೆ ಹೊರಡ್ತೀನಪ್ಪಾ" ಎಂದಳು ಮೊಮ್ಮಗಳು, ಬಾಯಲ್ಲಿ ತುತ್ತಿಟ್ಟುಕೊಂಡೇ.

"ಹೋಗಿವಂತೆ, ಮೊದ್ಲು ಉಣ್ಣು" ಎಂದು ಮಗ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟ.