ಕಟ್ಟಕಡೆಯ ವಿಷಯ

ನಗರಸಭೆಯ ಸಭೆಗಳಲ್ಲಿ ಯಾರು ಏನೆಂದರು, ಯಾವುದು ತೀರ್ಮಾನವಾಯಿತು ಎಂಬುದನ್ನು ದಪ್ಪ ಪುಸ್ತಕದಲ್ಲಿ ಬರೆದಿಡುವ ಕೆಲಸ ಇಪ್ಪತ್ತೇಳು ವರ್ಷಗಳಿಂದ ಒಬ್ಬರ ಕೈಯಲ್ಲೇ ಇತ್ತು. ಆ ಬರಹಕ್ಕೆ ನಡಾವಳಿ ಎಂದು ಹೆಸರು. ಬರೆದು ಬರೆದು ಆ ಹೆಸರು ಬರೆಯುವವರಿಗೇ ಅಂಟಿಕೊಂಡು, ಅಧ್ಯಕ್ಷರಿಂದ ಹಿಡಿದು ಜವಾನನವರೆಗೆ ಎಲ್ಲರ ಬಾಯಲ್ಲೂ ಅವರು ನಡಾವಳಿಯವರಾಗಿದ್ದರು. ಸಭಾಂಗಣದ ಉದ್ದನೆಯ ಮೇಜಿನ ತುದಿಯಲ್ಲಿ, ಅಧ್ಯಕ್ಷರ ಎಡಗೈಗೆ, ಒಂದು ಕಾಲು ಗಿಡ್ಡವಾದ ಪುಟ್ಟ ಮೇಜು ಅವರದು. ಅಲ್ಲಾಡದಂತೆ ಆ ಕಾಲಿನ ಕೆಳಗೆ ಹಳೆಯ ಅರ್ಜಿಯೊಂದನ್ನು ಮಡಿಸಿಡಬಹುದೆಂದು ಜವಾನ ಒಮ್ಮೆ ಸೂಚಿಸಿದಾಗ ಅವರು ಕೆಂಡವಾಗಿ, “ಅರ್ಜಿ ಅಂದ್ರೆ ಒಬ್ಬರ ಬಾಯಿ ಕಣಯ್ಯಾ, ಅದರ ಮೇಲೆ ಮೇಜಿನ ಕಾಲಿಡ್ತೀಯಾ?” ಎಂದು ಗದರಿ, ಮರುದಿನ ಮನೆಯಿಂದ ಮರದ ಚಕ್ಕೆಯೊಂದನ್ನು ತಾವೇ ಕೆತ್ತಿ ತಂದಿದ್ದರು.

ಸಭೆಯಲ್ಲಿ ಎಂಥ ಹೊಲಸು ಮಾತು ಹುಟ್ಟಿದರೂ ಅವರ ಪುಸ್ತಕಕ್ಕೆ ಬರುವ ಹೊತ್ತಿಗೆ ಅದು ಸ್ನಾನ ಮಾಡಿ, ತಲೆ ಬಾಚಿಕೊಂಡು ಬರುತ್ತಿತ್ತು. ಮಾರುಕಟ್ಟೆ ವಾರ್ಡಿನ ಸದಸ್ಯರು ಒಮ್ಮೆ ಆರೋಗ್ಯಾಧಿಕಾರಿಯ ಮೇಲೆ ಎಗರಿಬಿದ್ದು, “ನಿನ್ನ ತಲೇಲಿರೋದು ಮೆದುಳೋ, ಚರಂಡಿ ನೀರೋ?” ಎಂದು ಅರಚಿದ್ದರು. ನಡಾವಳಿಯಲ್ಲಿ ಅದು, ‘ಚರಂಡಿ ನೀರಿನ ವಿಷಯವಾಗಿ ಮಾನ್ಯ ಸದಸ್ಯರು ಆರೋಗ್ಯಾಧಿಕಾರಿಗಳ ಗಮನವನ್ನು ಸೆಳೆದರು’ ಎಂದಾಯಿತು. ಮುಂದಿನ ತಿಂಗಳು ಅದನ್ನು ಓದಿದ ಸದಸ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಭಲೇ ನಡಾವಳಿಯವರೇ! ನನ್ನ ಬಾಯಿ ತೊಳೆದು ಒಣಗಿಹಾಕಿಬಿಟ್ರಲ್ಲ!”

ಸಭೆಗೆ ಬರುವ ಅರ್ಜಿಗಳನ್ನು ಪಟ್ಟಿ ಮಾಡಿ, ಯಾವುದು ಮೊದಲು ಯಾವುದು ನಂತರ ಎಂದು ಅಂಕಿ ಹಾಕುವವರೂ ಅವರೇ. ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ, ಅವರ ಬೀದಿಗೆ ಒಂದು ದೀಪದ ಕಂಬ ಬಂದಿತ್ತು. ಅದು ನ್ಯಾಯವಾಗಿ, ಸರದಿಯಲ್ಲೇ ಬಂದದ್ದು. ಆದರೆ ಚಹಾದ ಹೊತ್ತಿನಲ್ಲಿ ಯಾರೋ, “ಕಂಬಕ್ಕೆ ಕಾಲು ಬಂತೇನಪ್ಪಾ! ನಡೆದುಕೊಂಡು ಹೋಗಿ ಇವರ ಮನೆ ಮುಂದೇನೇ ನಿಂತಿದೆ” ಎಂದು ಚುಚ್ಚಿದ ಮಾತು ಅವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅಂದಿನಿಂದ ತಮ್ಮ ಬೀದಿಯದಾಗಲಿ ಬಂಧುಗಳದಾಗಲಿ ಅರ್ಜಿ ಬಂದರೆ ಅದಕ್ಕೆ ಪಟ್ಟಿಯ ಕಟ್ಟಕಡೆಯ ಅಂಕಿ. ಯಾರೂ ಹೇಳಿದ ನಿಯಮವಲ್ಲ ಅದು. ತಮಗೆ ತಾವೇ ವಿಧಿಸಿಕೊಂಡ ವ್ರತ. ದೇವರ ಮುಂದೆ ದಿನವೂ ಕೈಮುಗಿಯುವಾಗ, ‘ನನ್ನ ಕೈ ಒಮ್ಮೆಯೂ ಬಾಗಲಿಲ್ಲ’ ಎಂದು ಹೇಳಿಕೊಳ್ಳುವುದರಲ್ಲಿ ಅವರಿಗೊಂದು ಸಮಾಧಾನವಿತ್ತು. ಸಮಾಧಾನದ ಸೆರಗಿನಲ್ಲಿ ಒಂದಿಷ್ಟು ಹೆಮ್ಮೆಯೂ ಗಂಟುಬಿದ್ದಿತ್ತು; ಅದು ಅವರಿಗೆ ಆಗ ಕಾಣಲಿಲ್ಲ.

ಮನೆಯಲ್ಲಿ ಇದ್ದವರು ಅವರು ಮತ್ತು ಅವರ ಅಕ್ಕ, ಇಬ್ಬರೇ. ಅವರಿಗೆ ಐದು ವರ್ಷವಿದ್ದಾಗ ತಾಯಿ ತೀರಿಕೊಂಡರು. ಹದಿನಾರರ ಅಕ್ಕ ಹೊಲಿಗೆಯ ಯಂತ್ರದ ಮುಂದೆ ಕುಳಿತವಳು, ತಮ್ಮನಿಗೆ ಕೆಲಸ ಸಿಗುವವರೆಗೆ ಏಳಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ, “ಇವನ ಅಂಗಿಗೆ ಗುಂಡಿ ಹಾಕಿ ಮುಗಿಸ್ತೀನಿ, ಆಮೇಲೆ ನೋಡೋಣ” ಎನ್ನುತ್ತಿದ್ದಳು. ಆ ಗುಂಡಿ ಹಾಕುವುದು ಮುಗಿಯಲೇ ಇಲ್ಲ. ದಾರ ಪೋಣಿಸಿ ಪೋಣಿಸಿ ದಣಿದ ಕಣ್ಣುಗಳು ಈಚಿನ ವರ್ಷಗಳಲ್ಲಿ ಬೆಳಕನ್ನೂ ನೆರಳನ್ನೂ ಬಿಟ್ಟರೆ ಬೇರೇನನ್ನೂ ಗುರುತಿಸುತ್ತಿರಲಿಲ್ಲ. ಆದರೂ ಬೆಳಿಗ್ಗೆ ಹಾಲು ತರುವ ಕೆಲಸವನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಎಡಗೈಯಿಂದ ಸಾಲುಮನೆಗಳ ಗೋಡೆಗಳನ್ನು ಸವರುತ್ತ, ಸಿಕ್ಕವರನ್ನೆಲ್ಲ ದನಿಯಿಂದಲೇ ಗುರುತು ಹಿಡಿದು ಮಾತಾಡಿಸುತ್ತ, ಬೀದಿಯ ತಿರುವಿನ ಹಾಲಿನ ಅಂಗಡಿಗೆ ಹೋಗಿಬರುವ ಆ ಅರ್ಧ ಗಂಟೆಯೇ ಅವಳ ಪಾಲಿನ ಇಡೀ ಜಗತ್ತು.

ಒಂದು ದಿನ ಮರಳಿನ ಲಾರಿಯೊಂದು ಹಿಂದಕ್ಕೆ ಬರುವಾಗ ತಿರುವಿನ ಚರಂಡಿಯ ಮೇಲಿದ್ದ ಕಲ್ಲುಚಪ್ಪಡಿ ಮುರಿದು ಒಳಗೆ ಬಿತ್ತು. ಅಕ್ಕ ಕೈಯಾನಿಸಿ ನಡೆಯುವ ಗೋಡೆಯ ಬುಡದಲ್ಲೇ, ಮೊರದಗಲದ ಬಾಯಿ ತೆರೆಯಿತು. ನಡಾವಳಿಯವರು ಅದರ ಮೇಲೊಂದು ಹಲಗೆ ಹಾಕಿದರು. ಯಾರೋ ಎತ್ತಿಕೊಂಡು ಹೋದರು. ಇನ್ನೊಂದು ಹಾಕಿದರು, ಅದೂ ಹೋಯಿತು. ಕೊನೆಗೆ ಹಾಲು ತರುವುದು ತಮ್ಮದೇ ಕೆಲಸವೆಂದು ಅಕ್ಕನಿಂದ ಮಾತು ತೆಗೆದುಕೊಂಡರು. ಆ ಸಂಜೆ ಅಕ್ಕ ಅರ್ಜಿ ಬರೆಸಲು ಕುಳಿತಳು.

“ತಮ್ಮಯ್ಯ, ‘ಮಾನ್ಯರೇ’ ಅಂತ ಬರಿ. ಮೊದಲು ಚೂರು ಹೊಗಳೋಣ, ಆಮೇಲೆ ಬೈಯೋಣ.”

“ಹೊಗಳೋದೂ ಬೇಡ, ಬೈಯೋದೂ ಬೇಡ ಅಕ್ಕ. ಚಪ್ಪಡಿ ಮುರಿದಿದೆ, ಹಾಕಿಸಿ ಅಂದ್ರೆ ಸಾಕು.”

“ಅಷ್ಟು ಸಪ್ಪೆಯಾಗಿ ಬರೆದ್ರೆ ಯಾರೋ ಓದ್ತಾರೆ?”

“ಓದೋನು ನಾನೇ ಅಲ್ವಾ.”

“ಹಾಗಾದ್ರೆ ಸರಿ ಬಿಡು. ಸರ್ಕಾರನೇ ಮನೇಲಿ ಕೂತು ಅನ್ನ ತಿಂತಿರುವಾಗ ನನಗ್ಯಾಕೆ ಚಿಂತೆ!” ಎಂದು ನಕ್ಕು, ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಎರಡು ಸಾಲು ನುಂಗುವಷ್ಟು ದೊಡ್ಡ ಅಕ್ಷರಗಳಲ್ಲಿ ಸಹಿ ಹಾಕಿದಳು. ಅದರ ಕೆಳಗೆ ಬೀದಿಯವರೆಲ್ಲ ಸಹಿ ಮಾಡಿದರು.

ಮರುದಿನ ರಸ್ತೆ ಕೆಲಸದ ಮೇಸ್ತ್ರಿ ಕಚೇರಿಯ ಮೆಟ್ಟಿಲ ಬಳಿ ಅವರನ್ನು ತಡೆದ. “ಸ್ವಾಮಿ, ನಿಮ್ಮ ಬೀದಿ ಚಪ್ಪಡಿ ಮುರಿದಿದೆಯಂತೆ. ಗೋದಾಮಿನಲ್ಲಿ ಹತ್ತು ಹನ್ನೆರಡು ಸುಮ್ನೆ ಬಿದ್ದಿವೆ. ಹೂಂ ಅನ್ನಿ, ನಾಳೆ ಬೆಳಿಗ್ಗೆ ಹಾಕಿಸಿಬಿಡ್ತೀನಿ.”

“ಅರ್ಜಿ ಕೊಟ್ಟಾಗಿದೆ ಕಣಪ್ಪ. ಕೊಟ್ಟ ಮೇಲೆ ಅದು ಸಭೆ ಸ್ವತ್ತು. ತೀರ್ಮಾನ ಆಗಲಿ.”

“ಅಯ್ಯೋ, ಒಂದು ಕಲ್ಲಿಗೆ ಎಂಥ ತೀರ್ಮಾನ ಸ್ವಾಮಿ?”

“ಇವತ್ತು ನನಗೊಂದು ಕಲ್ಲು, ನಾಳೆ ಇನ್ನೊಬ್ಬರಿಗೆ ಒಂದು ರಸ್ತೆ. ಬೇಡ.”

ಮೇಸ್ತ್ರಿ ಅವರ ಮುಖವನ್ನೇ ನೋಡಿ, ತಲೆ ಕೆರೆದುಕೊಂಡು ಹೊರಟುಹೋದ.

ಆ ತಿಂಗಳ ಪಟ್ಟಿಯಲ್ಲಿ ಹದಿನೆಂಟು ವಿಷಯಗಳಿದ್ದವು, ಚಪ್ಪಡಿಯದು ಹದಿನೆಂಟನೆಯದು. ಉದ್ಯಾನದ ಬೇಲಿಗೆ ಹಸಿರು ಬಣ್ಣವೋ ನೀಲಿಯೋ ಎಂಬ ಐದನೆಯ ವಿಷಯದಲ್ಲೇ ಸೂರ್ಯ ಮುಳುಗಿದ. ಉಳಿದವುಗಳನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಎರಡನೆಯ ತಿಂಗಳು ಹದಿನಾರನೆಯ ವಿಷಯದವರೆಗೆ ಬಂದಿತ್ತು. ಅವರು ಚಪ್ಪಡಿಯ ಅರ್ಜಿಯನ್ನು ಕೈಗೆತ್ತಿಕೊಂಡಿದ್ದರು. ಆಗ ಚಹಾಕ್ಕೆಂದು ಎದ್ದ ಮೂವರು ಸದಸ್ಯರು ಹೋದ ದಾರಿಯಲ್ಲೇ ಮನೆ ಸೇರಿದರು. ತಲೆ ಎಣಿಸಿದ ಅಧ್ಯಕ್ಷರು, “ಕೋರಂ ಇಲ್ಲ, ಏಳ್ರಪ್ಪ” ಎಂದರು. ಮೂರನೆಯ ತಿಂಗಳು ಯಾರೋ ಯಾರನ್ನೋ ‘ಮೂಲಂಗಿ’ ಎಂದರೆಂದು ಅರ್ಧ ಸಭೆ ಹೊರನಡೆಯಿತು. ಮೂರು ಸಲವೂ ‘ಮುಂದೂಡಲಾಯಿತು’ ಎಂದು ದುಂಡಗೆ ಬರೆದದ್ದು ಅವರದೇ ಕೈ. ಯಾರು ಮುಂದೂಡಿದರು ಎಂದು ಹೇಳುವ ಹೊಣೆ ಆ ಕ್ರಿಯಾಪದಕ್ಕಿಲ್ಲ. ಅದಕ್ಕೆ ಕರ್ತೃವೇ ಬೇಡ. ಅನಾಥವಾಗಿಯೇ ಅದು ಪೂರ್ಣವಾಗುತ್ತದೆ.

“ಏನೋ ಸರ್ಕಾರ, ನನ್ನ ಅರ್ಜಿ ಎಲ್ಲೀವರೆಗೆ ಬಂತು?” ಎಂದು ಅಕ್ಕ ಪ್ರತಿ ಸಭೆಯ ಸಂಜೆ ಕೇಳುತ್ತಿದ್ದಳು.

“ಬರ್ತಾ ಇದೆ ಅಕ್ಕ.”

“ನನಗಿಂತ ನಿಧಾನವಾಗಿ ನಡೆಯುತ್ತಲ್ಲೋ ಅದು! ಗೋಡೆ ಹಿಡ್ಕೊಂಡು ಬರಕ್ಕೆ ಹೇಳು.”

ನಾಲ್ಕನೆಯ ಸಭೆಯ ದಿನ ಪಟ್ಟಿಯ ಪ್ರತಿಗಳನ್ನು ಜೋಡಿಸಬೇಕೆಂದು ನಡಾವಳಿಯವರು ಬೆಳಗಾಗುತ್ತಲೇ ಕಚೇರಿಗೆ ಹೊರಟರು. ಹಾಲು ತರಲು ಪುರುಸೊತ್ತಾಗಲಿಲ್ಲ. “ಇವತ್ತೊಂದಿನ ಹಾಲಿಲ್ಲದಿದ್ರೆ ಏನೂ ಆಗಲ್ಲ, ನೀನು ಮಾತ್ರ ಆಚೆ ಕಾಲಿಡಬೇಡ” ಎಂದು ಬಾಗಿಲಲ್ಲಿ ಎರಡು ಸಲ ಹೇಳಿದರು. ಅಕ್ಕ ಎರಡು ಸಲವೂ “ಹೂಂ” ಅಂದಳು. ಆದರೆ ಸಭೆಯ ದಿನ ತಮ್ಮ ತಲೆನೋವು ಹೊತ್ತು ಮರಳುತ್ತಾನೆ, ಬಂದವನಿಗೆ ಬಿಸಿಯಾಗಿ ಒಂದು ಲೋಟ ಚಹಾ ಇಲ್ಲದಿದ್ದರೆ ಹೇಗೆ ಎಂಬುದು ಅವಳ ಯೋಚನೆ. ತಿರುವಿನಲ್ಲಿ ಗುಂಡಿಯಿದೆಯೆಂಬುದು ಅವಳಿಗೆ ಗೊತ್ತಿತ್ತು. ಎಷ್ಟನೆಯ ಹೆಜ್ಜೆಗೆ ಎಂಬುದು ಮೂರು ತಿಂಗಳು ನಡೆಯದ ಕಾಲಿಗೆ ಮರೆತುಹೋಗಿತ್ತು.

ಎದುರುಮನೆಯ ಹೆಂಗಸು ಕಚೇರಿಗೆ ಫೋನ್ ಮಾಡಿದಾಗ ನಡಾವಳಿಯವರು ಹಾಳೆಗಳಿಗೆ ಗುಂಡುಸೂಜಿ ಚುಚ್ಚುತ್ತಿದ್ದರು. ಆ ಪಟ್ಟಿಯಲ್ಲೂ ಚಪ್ಪಡಿಯ ವಿಷಯವೇ ಕೊನೆಯದು.

ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿನ, ದುರ್ಬಲ ಎದೆಯ ಹೆಂಗಸಿಗೆ ಶಸ್ತ್ರಚಿಕಿತ್ಸೆ ಮಾಡಲು ವೈದ್ಯರು ಹಿಂಜರಿದರು. ಮಲಗಿದಲ್ಲೇ ಎದೆಯಲ್ಲಿ ನೀರು ಸೇರಿಕೊಂಡಿತು. ಸರ್ಕಾರಿ ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ, ಅಕ್ಕ ದಿನದಿನಕ್ಕೂ ಹಾಸಿಗೆಯ ಒಳಕ್ಕೆ ಇಳಿಯುತ್ತಿದ್ದಂತೆ ಕಾಣುತ್ತಿತ್ತು. ಏಳನೆಯ ದಿನದ ಮಧ್ಯಾಹ್ನ ಅವಳು ಕೈಯಾಡಿಸಿ ತಮ್ಮನ ಮೊಣಕೈಯನ್ನು ಹುಡುಕಿ ಹಿಡಿದಳು.

“ಸಭೆ ಆಯ್ತೇನೋ?”

ಅವಳು ಬಿದ್ದ ದಿನದ ಸಭೆಯಲ್ಲಿ ಏನಾಯಿತೆಂದು ಅವರು ಯಾರನ್ನೂ ಕೇಳಿರಲಿಲ್ಲ. ಇಪ್ಪತ್ತೇಳು ವರ್ಷಗಳಲ್ಲಿ ಅವರು ಬರೆಯದೆ ನಡೆದ ಸಭೆ ಅದೊಂದೇ. “ಆಯ್ತು ಅಕ್ಕ” ಎಂದರು.

“ನಂದು ಬಂತಾ?”

“ಬಂತು. ಒಪ್ಪಿದರು.”

“ಹೌದಾ! ಯಾರ್‍ಯಾರು ಏನೇನು ಅಂದ್ರು, ಹೇಳು. ಒಂದೂ ಬಿಡಬಾರದು.”

ನಡಾವಳಿಯವರು ಕಿಟಕಿಯ ಸರಳುಗಳನ್ನು ನೋಡುತ್ತ, ಎಂದೂ ನಡೆಯದ ಸಭೆಯೊಂದರ ನಡಾವಳಿಯನ್ನು ಹೇಳತೊಡಗಿದರು. “ವಾರ್ಡಿನ ಸದಸ್ಯರು ವಿಷಯವನ್ನು ಮಂಡಿಸಿದರು. ವೃದ್ಧರೂ ದೃಷ್ಟಿಹೀನರೂ ಸಂಚರಿಸುವ ಮಾರ್ಗವಾದುದರಿಂದ ಇದು ತುರ್ತಿನದೆಂದು ಮಾರುಕಟ್ಟೆಯ ಸದಸ್ಯರು ಅನುಮೋದಿಸಿದರು. ಅಧ್ಯಕ್ಷರು ಅರ್ಜಿದಾರರ ಕಾಳಜಿಯನ್ನು ಪ್ರಶಂಸಿಸಿ, ಕೂಡಲೇ ಚಪ್ಪಡಿಯನ್ನು ಅಳವಡಿಸುವಂತೆ ಸೂಚಿಸಿದರು. ಸರ್ವಾನುಮತದಿಂದ ಅಂಗೀಕರಿಸಲಾಯಿತು.”

ಅಕ್ಕ ಕಣ್ಣುಮುಚ್ಚಿ ಕೇಳಿದಳು. ಅವಳ ತುಟಿಯ ಅಂಚಿನಲ್ಲಿ ನಗುವಿನಂಥದೇನೋ ಮೂಡಿತು.

“ಪುಸ್ತಕದ ಹಾಗೆ ಮಾತಾಡ್ತಿದೀಯಲ್ಲೋ ತಮ್ಮಯ್ಯ” ಅಂದಳು.

ಚಿಕ್ಕಂದಿನಲ್ಲಿ ಸುಳ್ಳು ಹೇಳುವಾಗಲೆಲ್ಲ ಅವರ ಮಾತು ಇದ್ದಕ್ಕಿದ್ದಂತೆ ಪಾಠದ ಪುಸ್ತಕದ ಭಾಷೆಗೆ ತಿರುಗುತ್ತಿತ್ತು. ಬಳಪ ಕಳೆದುಕೊಂಡು ಬಂದ ದಿನ ‘ಬಳಪವು ಕಾಣೆಯಾಗಿರುತ್ತದೆ’ ಎಂದು ಹೇಳಿ ಅವಳಿಂದ ಕಿವಿ ಹಿಂಡಿಸಿಕೊಂಡಿದ್ದರು. ಈ ಗುಟ್ಟನ್ನು ಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ.

ಅಕ್ಕ ಈಗ ಕಿವಿ ಹಿಂಡಲಿಲ್ಲ. ಅವರ ಮೊಣಕೈಯನ್ನು ಎರಡು ಸಲ ಮೆಲ್ಲಗೆ ತಟ್ಟಿ, “ಚೆನ್ನಾಗಿ ಬರೆದಿದೀಯ ಬಿಡು” ಎಂದು ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದಳು. ಅರ್ಜಿಯ ಮಾತನ್ನು ಮತ್ತೆ ಎತ್ತಲಿಲ್ಲ. ಒಂಬತ್ತನೆಯ ದಿನ ಬೆಳಗಿನ ಜಾವಕ್ಕೆ ಭಗವಂತ ಅವಳನ್ನು ಕರೆದುಕೊಂಡ.

ಮುಂದಿನ ಸಭೆಗೆ ನಡಾವಳಿಯವರು ಬಂದು ತಮ್ಮ ಜಾಗದಲ್ಲಿ ಕುಳಿತರು. ಕಳೆದ ಸಭೆಯಲ್ಲೂ ಸರದಿ ಬಾರದೆ ಉಳಿದು, ಈಗ ಹದಿನಾಲ್ಕನೆಯದೂ ಕೊನೆಯದೂ ಆದ ವಿಷಯವನ್ನು ಅವರು ಓದತೊಡಗಿ, ಅರ್ಜಿದಾರರ ಹೆಸರಿನ ಬಳಿಗೆ ಬಂದಾಗ ಓದುವುದನ್ನು ನಿಲ್ಲಿಸಿದರು. ಹಾಳೆಯನ್ನು ಅಧ್ಯಕ್ಷರ ಮುಂದಕ್ಕೆ ಸರಿಸಿದರು. ಅಧ್ಯಕ್ಷರು ಓದಿ, ಕನ್ನಡಕ ತೆಗೆದರು.

“ಇದು... ನಿಮ್ಮ ಅಕ್ಕಂದಾ?”

ಅವರು ತಲೆಯಾಡಿಸಿದರು.

“ನಾಲ್ಕು ತಿಂಗಳಿಂದ ಇಲ್ಲೇ ಇತ್ತಾ? ಅಲ್ಲ ಸ್ವಾಮಿ, ನಮ್ಮಕ್ಕಂದು ಅಂತ ಒಂದೇ ಒಂದು ಮಾತು ಹೇಳಬಾರದಿತ್ತಾ? ಮೊದಲನೇ ವಿಷಯವಾಗೇ ತಗೋತಿದ್ವಲ್ಲ!”

ಮಾರುಕಟ್ಟೆಯ ಸದಸ್ಯರು ಎದ್ದು ನಿಂತರು. ಎಂದೂ ತಗ್ಗದ ಅವರ ಗಂಟಲು ಅಂದು ತಗ್ಗಿತ್ತು. “ನಮ್ಮನ್ನ ಅಷ್ಟು ಕೆಟ್ಟವರು ಅಂದ್ಕೊಂಡ್ರಾ ನಡಾವಳಿಯವರೇ? ಬಾಯಿ ಹೊಲಸು ನಮ್ದು, ಹೊಟ್ಟೆ ಅಲ್ಲ.”

ಯಾರೂ ಚರ್ಚಿಸಲಿಲ್ಲ. ಎಲ್ಲರೂ ಕೈಯೆತ್ತಿದರು. ಅವರು ಬರೆಯಬೇಕಾಗಿದ್ದುದು ಒಂದೇ ಸಾಲು. ಲೇಖನಿ ಹಾಳೆಯ ಮೇಲೆ ನಿಂತಲ್ಲೇ ನಿಂತು, ಶಾಯಿ ಒಂದು ಚುಕ್ಕೆಯಾಗಿ ಹರಡಿತು. ಕೊನೆಗೆ ಬರೆದರು: ‘ಈ ವಿಷಯವನ್ನು ಐದು ಸಭೆಗಳಲ್ಲಿಯೂ ಕಡೆಗೆ ಇಟ್ಟವನು ನಾನು.’ ಸಹಿ ಪಡೆಯಲೆಂದು ಪುಸ್ತಕವನ್ನು ಮುಂದಿಟ್ಟಾಗ ಅಧ್ಯಕ್ಷರು ಓದಿ, “ನಡಾವಳಿಯಲ್ಲಿ ‘ನಾನು’ ಬರೋ ಹಾಗಿಲ್ಲ, ನಿಮಗೆ ಗೊತ್ತಿರೋದೇ” ಎಂದು ತಾವೇ ಮೆಲ್ಲನೆ ಗೀಟು ಹಾಕಿ, ಮೇಲೆ ‘ಅಂಗೀಕರಿಸಲಾಯಿತು’ ಎಂದು ಬರೆದರು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಇಬ್ಬರು ಆಳುಗಳೊಂದಿಗೆ ಬಂದ. ಕೈಗಾಡಿಯಿಂದ ಚಪ್ಪಡಿಯನ್ನು ಇಳಿಸಿದರು. ಅಂಚು ಕೆರೆದು, ಗಾರೆ ಹರಡಿ, “ಹಾಂ, ಎತ್ತು, ಎತ್ತು, ಇನ್ನೊಂಚೂರು ಆ ಕಡೆ” ಎಂದು ಸರಿಯಾಗಿ ಕೂರಿಸಿದರು. ನಡಾವಳಿಯವರು ಗೋಡೆಗೆ ಒರಗಿ ನಿಂತು ಎಲ್ಲವನ್ನೂ ನೋಡಿದರು. ಎದುರುಮನೆಯ ಒಲೆಯ ಮೇಲಿಟ್ಟ ಎಸರು ಕುದಿಯುವುದರೊಳಗೆ ಕೆಲಸ ಮುಗಿದಿತ್ತು.

“ಇಷ್ಟೇನಾ?” ಎಂದರು ಅವರು.

“ಇಷ್ಟೇ ಸ್ವಾಮಿ” ಎಂದ ಮೇಸ್ತ್ರಿ, ಅವರ ಮುಖ ನೋಡಲಾರದೆ ಕರಣಿಯನ್ನು ಒರೆಸುತ್ತ.

ಅವರು ಗೋಡೆಯನ್ನು ಸವರಿಕೊಂಡು ಕೆಳಗೆ ಜಾರಿ, ಆ ಚಪ್ಪಡಿಯ ಮೇಲೆ ಕುಳಿತುಬಿಟ್ಟರು.

“ಗಾರೆ ಹಸಿ ಇದೆ ಸ್ವಾಮಿ, ಏಳಿ. ಕಲ್ಲು ಅಲುಗಿಬಿಡುತ್ತೆ” ಎಂದು ಆಳು ಕೂಗಿದ. ಮೇಸ್ತ್ರಿ ಕೈಸನ್ನೆಯಿಂದ ಅವನನ್ನು ಸುಮ್ಮನಿರಿಸಿದ. “ಇರಲಿ ಬಿಡೋ. ಮತ್ತೆ ಕೂರಿಸಿದ್ರಾಯ್ತು.”