ಮೇಣದಕ್ಕ ಕೊಟ್ಟ ಚೀಟಿಗಳು

“ಮೇಣ ಬಿಸಿ ಇರುವಾಗ ಮುಟ್ಟಬಾರದು ನೋಡಿ. ಮುಟ್ಟಿದ್ರೆ ಸಮಾಧಿ ಕಲ್ಲಿಗೆ ಇನ್ನೂ ಮೆತ್ತಿಕೊಳ್ಳುತ್ತೆ, ಕೈಯೂ ಸುಡುತ್ತೆ. ಆರೋಕೆ ಬಿಡಬೇಕು. ಆರಿದ ಮೇಲೆ ಮೊಂಡು ಚಾಕು ಓರೆಯಾಗಿ ಹಿಡಿದು ಅಂಚಿಂದ ಮೆಲ್ಲಗೆ ಎಬ್ಬಿಸಿದ್ರೆ ಗಾಯದ ಹಕ್ಕಳೆ ಎದ್ದ ಹಾಗೆ ಏಳುತ್ತೆ. ಉಳಿದ ಜಿಡ್ಡಿಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ. ಇಷ್ಟೇ ವಿದ್ಯೆ. ಏಳು ವರ್ಷದಿಂದ ದಿನಾ ಬೆಳಿಗ್ಗೆ ಇದೇ ಕೆಲಸ. ಯಾಕೆ ಅಂತೀರಾ? ಇಲ್ಲಿ ಮಲಗಿರೋ ನಮ್ಮ ಬಿಷಪ್ ಸ್ವಾಮಿ ಸಂತರಾಗಬೇಕಲ್ಲ, ಅದಕ್ಕೆ. ಧರ್ಮಸಭೆಯ ಕಾನೂನು ಹಾಗಿದೆಯಂತೆ. ಮನೆಯಲ್ಲಿ, ಮನಸ್ಸಲ್ಲಿ ಎಷ್ಟು ಬೇಕಾದ್ರೂ ಬೇಡಿಕೊಳ್ಳಿ. ಆದ್ರೆ ಪದವಿ ಕೊಡೋಕೆ ಮುಂಚೆ ಬಹಿರಂಗವಾಗಿ ಸಂತರು ಅಂತ ಪೂಜೆ ಮಾಡಿದ್ರೆ ಪದವಿಯೇ ನಿಂತುಹೋಗುತ್ತಂತೆ! ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ರೆ ಕೂಸೇ ಹುಟ್ಟಲ್ಲ ಅಂದ ಹಾಗಾಯ್ತು. ಜನಕ್ಕೆ ಹೇಳಿದ್ರೆ ಕೇಳ್ತಾರಾ? ಬರ್ತಾರೆ, ಬತ್ತಿ ಹಚ್ತಾರೆ, ಕಲ್ಲಿಗೆ ಹಣೆ ಒತ್ತಿ ಅಳ್ತಾರೆ, ಬೇಡಿಕೆ ಚೀಟಿ ಬರೆದು ಸಂದಿಗೆ ತುರುಕ್ತಾರೆ. ಭಕ್ತಿಯಿಂದಲೇ ಅವರ ಕಾಲು ಎಳೀತಿದ್ದಾರೆ. ನಾನು ಹಿಂದೆ ಹಿಂದೆ ಹೋಗಿ ಒರೆಸ್ಬೇಕು. ನನ್ನಷ್ಟು ಪೂಜೆ ಹಾಳು ಮಾಡಿದವಳು ಈ ಊರಲ್ಲಿ ಬೇರೆ ಯಾರೂ ಇಲ್ಲ.”

ಸಮಾಧಿ ನೋಡಲು ಬಂದವರಿಗೆಲ್ಲ ನನ್ನ ಓರಗಿತ್ತಿ ಹೀಗೆ ಹೇಳಿ ನಗುತ್ತಿದ್ದಳು. ಜನ ಅವಳನ್ನು ಮೇಣದಕ್ಕ ಎನ್ನುತ್ತಿದ್ದರು. ಚರ್ಚಿನ ಹಿಂದಿನ ಎರಡು ಕೋಣೆಗಳಲ್ಲಿ ಒಂದರಲ್ಲಿ ಅವಳು, ಇನ್ನೊಂದರಲ್ಲಿ ನಾನು. ಅಣ್ಣತಮ್ಮಂದಿರನ್ನು ಮದುವೆಯಾದವರು ನಾವು. ಇಬ್ಬರೂ ಗಂಡಂದಿರನ್ನು ಮಣ್ಣಿಗೆ ಕೊಟ್ಟು ಒಂದೇ ಒಲೆಗೆ ಬಂದವರು.

ಅವಳ ಗಂಡ, ಎಂದರೆ ನನ್ನ ಮೈದುನ, ಚರ್ಚಿನ ಗಂಟೆ ಬಾರಿಸುತ್ತಿದ್ದ. ಗೋಪುರದ ಏಣಿಯಿಂದ ಬಿದ್ದು ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಆ ಮೂರು ದಿನವೂ ಬಿಷಪ್ ಸ್ವಾಮಿ ಆಸ್ಪತ್ರೆಯ ಕಾರಿಡಾರಿನ ಮುರುಕು ಬೆಂಚಿನ ಮೇಲೆ ಕೂತಿದ್ದರು. ಕಾರು ಕಳಿಸಿದರೂ ಹೋಗಲಿಲ್ಲ. ಇವಳು ನೀರು ಕುಡಿಯಲೊಲ್ಲೆ ಎಂದಾಗ ತಾವೂ ಕುಡಿಯದೆ ಕೂತರು; “ನೀನು ಕುಡಿದ್ರೆ ನಾನೂ ಕುಡೀತೀನಿ, ನನಗೆ ತುಂಬಾ ಬಾಯಾರಿಕೆ ಆಗಿದೆ ಮಗಳೇ” ಎಂದು ಬೇಡಿಕೊಂಡು ಕುಡಿಸಿದರು. ಕೋಣೆ ಕೊಟ್ಟಿದ್ದು ಅವರೇ. ಕೆಲಸ ಕೊಟ್ಟಿದ್ದೂ ಅವರೇ. ಇವಳು ಎತ್ತರದ ಕಿಟಕಿಗಳ ಗಾಜು ಒರೆಸುವಾಗ ಏಣಿಯನ್ನು ಹಿಡಿದುಕೊಳ್ಳಲು ಬೇರೆಯವರಿಗೆ ಬಿಡುತ್ತಿರಲಿಲ್ಲ, ತಾವೇ ಬಂದು ನಿಲ್ಲುತ್ತಿದ್ದರು. ಅಂಥವರು ಸಂತರಲ್ಲದೆ ಮತ್ತೇನು ಎಂದು ಇವಳು ಕೇಳುತ್ತಿದ್ದಳು.

ಊರಿನಲ್ಲಿ ಮಾತ್ರ ಎರಡು ಪಕ್ಷವಾಗಿತ್ತು. ಭಾನುವಾರ ಬಲಿಪೂಜೆ ಮುಗಿದು ಚಹಾ ಕುಡಿಯುವಾಗ ಕಪ್ಪುಗಳ ಸದ್ದಿಗಿಂತ ಜಗಳದ ಸದ್ದೇ ಹೆಚ್ಚು. ಸಂತ ಪದವಿಯ ಸಮಿತಿಗೆ ಮುಖ್ಯಸ್ಥರು ನಿವೃತ್ತ ಹೆಡ್‌ಮಾಸ್ಟರು. ಎಲ್ಲರಿಗೂ ಅವರು ಮೇಷ್ಟ್ರು. ಎದುರು ಪಕ್ಷಕ್ಕೆ ಬೇಕರಿಯವನೇ ನಾಲಿಗೆ.

“ಒಳ್ಳೆಯವರು ಅನ್ನೋದಕ್ಕೆ ನನ್ನದೇನೂ ತಕರಾರಿಲ್ಲ ಮೇಷ್ಟ್ರೇ,” ಎನ್ನುತ್ತಿದ್ದ ಬೇಕರಿಯವನು. “ಇಷ್ಟು ಅವಸರ ಯಾಕೆ? ಬ್ರೆಡ್ಡೇ ಒಲೆಯಿಂದ ಬೇಗ ತೆಗೆದ್ರೆ ಒಳಗೆ ಹಸಿ ಇರುತ್ತೆ.”

“ನಿನ್ನ ಬ್ರೆಡ್ಡು ಹೊತ್ತು ಇದ್ದಿಲಾದ ಮೇಲೆ ತೆಗೀತೀಯಲ್ಲ, ಅದು ಊರಿಗೇ ಗೊತ್ತು.”

“ಅವರ ಕಾಲದಲ್ಲಿ ಹಾಸ್ಟೆಲಿನ ವಿಷಯ ಒಂದಿತ್ತಲ್ಲ, ಅದನ್ನೂ ಒಲೆಗೆ ಹಾಕಿದ್ರಾ?”

“ಗಾಳಿಮಾತು! ಸಾಕ್ಷಿ ತಗೊಂಡು ಬಾ, ಆಮೇಲೆ ಮಾತಾಡು.”

ಈ ಮಾತು ಇಲ್ಲಿಗೆ ಬಂದ ಕೂಡಲೇ ಎಲ್ಲರೂ ತಮ್ಮ ತಮ್ಮ ಕಪ್ಪಿನೊಳಗೆ ನೋಡುತ್ತಿದ್ದರು. ಮೇಣದಕ್ಕನೂ ನೋಡುತ್ತಿದ್ದಳು, ಆಮೇಲೆ ಎಲ್ಲರ ಕಪ್ಪು ಒಟ್ಟುಮಾಡಿಕೊಂಡು ತೊಳೆಯಲು ಹೋಗುತ್ತಿದ್ದಳು.

ಕಳೆದ ವರ್ಷ ವಿಚಾರಣೆಯ ಪಾದ್ರಿಗಳು ಬರುವ ದಿನ ಗೊತ್ತಾಯಿತು. ಸಮಾಧಿ ನೋಡುತ್ತಾರೆ, ಬಲ್ಲವರನ್ನು ಒಬ್ಬೊಬ್ಬರಾಗಿ ಕರೆದು ಬೈಬಲ್ ಮೇಲೆ ಪ್ರಮಾಣ ಮಾಡಿಸಿ ಕೇಳುತ್ತಾರೆ. ಮೇಷ್ಟ್ರ ಪಟ್ಟಿಯಲ್ಲಿ ಮೇಣದಕ್ಕನ ಸರದಿ ಮೂರನೆಯದು. ಗುರುವಾರ ವಿಚಾರಣೆ. ಮಂಗಳವಾರ ನಾವಿಬ್ಬರೂ ಇದ್ದಾಗ ಮೇಷ್ಟ್ರು ಅವಳ ಕೋಣೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. ಮಂಚದ ಕೆಳಗೆ ಕಣ್ಣು ಹಾಯಿಸಿದರು.

“ಆ ಚೀಟಿಗಳನ್ನೆಲ್ಲ ಇಟ್ಟಿದ್ದೀಯಂತೆ?”

“ಮೂರು ಹಿಟ್ಟಿನ ಚೀಲ ತುಂಬ. ಜನರ ಪ್ರಾರ್ಥನೆ ಮೇಷ್ಟ್ರೇ, ಕಸದ ತೊಟ್ಟಿಗೆ ಹೇಗೆ ಹಾಕ್ಲಿ?”

“ನಾಳೆಯೊಳಗೆ ಸುಟ್ಟುಬಿಡು. ಪೂಜೆ ನಡೀತಿತ್ತಾ ಅಂದ್ರೆ ಇಲ್ಲ ಅನ್ನು.”

“ಸುಳ್ಳು ಹೇಳ್ಲಾ?”

“ಸುಳ್ಳೆಲ್ಲಿ ಬಂತಮ್ಮ? ಬೆಳಿಗ್ಗೆ ಕಲ್ಲು ಖಾಲಿ ಇರುತ್ತಲ್ಲ?”

“ದಿನಾ ತಲೆ ಬಾಚಿದ್ರೆ ಹೇನೇ ಇರ್ಲಿಲ್ಲ ಅಂತೀರಾ ಮೇಷ್ಟ್ರೇ?”

ನನಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರು ನಗಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು, “ಈ ಕೋಣೆ ಕೊಟ್ಟವರು ಯಾರು ಅಂತ ನೆನಪಿಟ್ಕೋ. ಈಗ ಇದು ಸಮಿತಿಯ ಕೈಯಲ್ಲಿದೆ ಅಂತಾನೂ ನೆನಪಿಟ್ಕೋ,” ಎಂದು ಹೇಳಿ ಇಳಿದುಹೋದರು.

ಸುಡುವುದೆಂದೇ ಅವಳು ತೀರ್ಮಾನಿಸಿದಳು. ಬೇಡಿಕೆ ದೇವರಿಗೆ ಮುಟ್ಟಿದ ಮೇಲೆ ಕಾಗದಕ್ಕೇನು ಎಂದಳು. ಬುಧವಾರ ಮಧ್ಯಾಹ್ನ ಹಿತ್ತಲಲ್ಲಿ ಒಂದು ಹಳೆಯ ತಗಡಿನ ಡಬ್ಬಿ ಇಟ್ಟು ಮೊದಲ ಚೀಲ ಸುರಿದೆವು. ಬೆಂಕಿ ಹತ್ತಿತು, ಹೊಗೆಯಾಯಿತು, ಆರಿತು. ಮಂಚದ ಕೆಳಗೆ ನೆಲದ ಥಂಡಿ ಕುಡಿದು ಚೀಟಿಗಳು ಮುದ್ದೆಯಾಗಿದ್ದವು. ಬಿಡಿಸಿ ಒಣಗಿಸದೆ ಗತಿಯಿರಲಿಲ್ಲ. ಒಬ್ಬರ ಪ್ರಾರ್ಥನೆ ಇನ್ನೊಬ್ಬರು ಓದಬಾರದು ಎಂಬುದು ಅವಳ ಕಟ್ಟುನಿಟ್ಟು. ಏಳು ವರ್ಷದಲ್ಲಿ ಒಂದನ್ನೂ ಬಿಡಿಸಿದವಳಲ್ಲ. ಅದಕ್ಕೆ ಅಕ್ಷರದ ಕಡೆ ನೋಡದೆ, ಬೆನ್ನು ಮೇಲೆ ಮಾಡಿ ಹರವುತ್ತಾ ಹೋದೆವು.

ಆದರೆ ಕಣ್ಣಿಗೆ ಬಾಗಿಲಿಲ್ಲವಲ್ಲ. ಕೆಲವು ಚೀಟಿಗಳು ಉಳಿದವುಗಳ ಹಾಗಿರಲಿಲ್ಲ. ಒಂದೇ ಅಳತೆ, ಆಸ್ಪತ್ರೆಯ ಔಷಧಿ ಚೀಟಿಯ ಹಿಂಬದಿ, ಒಂದೇ ನೀಲಿ ಶಾಯಿ, ನಾಲ್ಕು ಮಡಿಕೆ. ಒಂದಾದ ಮೇಲೊಂದು ಸಿಗುತ್ತಲೇ ಇದ್ದವು. “ಇದೇನಕ್ಕ, ಇಷ್ಟು ದಿನದಿಂದ ಬೇಡ್ತಿದ್ರೂ ಕೈಗೂಡಿಲ್ಲವಲ್ಲ ಪಾಪ, ಏನಂತ ನೋಡು,” ಎಂದು ಅವಳೇ ನನ್ನ ಕೈಗಿತ್ತಳು. ನಾಲ್ಕನೇ ತರಗತಿಯವರೆಗೆ ಕಲಿತವಳು ನಾನು; ಅಕ್ಷರ ಕೂಡಿಸಿ ಕೂಡಿಸಿ ಓದಿದೆ.

“ನಮ್ಮ ಅಮ್ಮ ನಿಮಗೆ ಎರಡು ಕಾಗದ ಬರೆದಿದ್ದಳು. ನೀವು ಉತ್ತರ ಕೊಡಲಿಲ್ಲ. ನನ್ನ ತಂಗಿಗೆ ಆಗ ಒಂಬತ್ತು ವರ್ಷ. ಆ ಪಾದ್ರಿಯನ್ನು ಬೇರೆ ಹಾಸ್ಟೆಲಿಗೆ ಕಳಿಸಿದಿರಿ. ಅಲ್ಲಿಯೂ ಮಕ್ಕಳಿದ್ದರು.”

ಎಲ್ಲದರಲ್ಲೂ ಅದೇ ಐದು ಸಾಲು. ನಾನು ಓದುವುದನ್ನು ನಿಲ್ಲಿಸಿದೆ. ಮೇಣದಕ್ಕ ನೆಲದ ಮೇಲೆ ಕೂತುಬಿಟ್ಟಳು.

“ಶುಕ್ರವಾರದವಳು,” ಎಂದಳು. “ಬಿಳಿ ಬೂಟು ಹಾಕಿಕೊಂಡು ಬರೋ ನರ್ಸಮ್ಮ. ಎಲ್ಲರೂ ಮಂಡಿ ಊರ್ತಾರೆ, ಅವಳು ನಿಂತೇ ಇರ್ತಾಳೆ. ಕಾಲು ನೋವಿರಬೇಕು ಅಂದ್ಕೊಂಡಿದ್ದೆ ಕಣಕ್ಕ.”

“ಈಗೇನು ಮಾಡ್ತೀಯಾ?”

“ನನಗೆ ನೀರು ಕುಡಿಸಿದ ಕೈ ಅಕ್ಕ ಅದು.”

“ಗೊತ್ತು.”

“ಆ ತಾಯಿಯ ಕಾಗದ ತೆಗೆದು ಪಕ್ಕಕ್ಕಿಟ್ಟಿದ್ದೂ ಅದೇ ಕೈಯಾ?”

ಅವಳು ನೀಲಿ ಶಾಯಿಯವನ್ನೆಲ್ಲ ಆರಿಸಿ ಸೆರಗಿನ ಗಂಟಿಗೆ ಹಾಕಿಕೊಂಡು ಎದ್ದಳು. ಅವು ತನ್ನವಲ್ಲ, ಬರೆದವಳವು, ಸುಡಬೇಕಾದರೂ ಕೊಡಬೇಕಾದರೂ ಕೇಳಿಯೇ ಮಾಡಬೇಕು ಎಂದಳು. ಇಬ್ಬರೂ ಆಸ್ಪತ್ರೆಗೆ ಹೋದೆವು. ನರ್ಸಮ್ಮ ಮೆಟ್ಟಿಲ ಬಳಿ ಬಂದಳು. ನಲವತ್ತು ದಾಟಿದವಳು, ಕೈಯಲ್ಲಿ ಇನ್ನೂ ಹತ್ತಿ ಇತ್ತು. ಗಂಟು ಬಿಚ್ಚಿ ತೋರಿಸಿದಾಗ ಅವಳ ಮುಖ ಬಿಗಿಯಿತು.

“ಓದಿದ್ರಾ?”

“ಓದಿಬಿಟ್ವಿ ತಾಯಿ. ತಪ್ಪಾಯ್ತು.”

“ಬರೆದಿದ್ದು ನಿಮಗಲ್ಲ.”

“ಹೌದು. ನಾಳೆ ವಿಚಾರಣೆಯವರು ಬರ್ತಾರೆ. ನಿಮ್ಮನ್ನ ಕರೆದಿದ್ದಾರಾ?”

ನರ್ಸಮ್ಮ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. “ಪಟ್ಟಿ ಮಾಡೋರು ಮೇಷ್ಟ್ರು. ಎರಡು ಸಲ ಹೋಗಿದ್ದೆ. ಸತ್ತವರ ಮೇಲೆ ಕೆಸರು ಎರಚಬೇಡ ಅಂದ್ರು. ಅಮ್ಮ ತೀರಿಕೊಂಡಳು. ತಂಗಿ ಇದ್ದಾಳೆ, ಬಾಗಿಲು ಹಾಕ್ಕೊಂಡು ಇದ್ದಾಳೆ. ಕೊಡೋದಾದ್ರೆ ಕೊಡಿ. ಕೊಟ್ರೆ ನಿಮ್ಮ ಗತಿ ಏನಾಗುತ್ತೆ ಅಂತ ಗೊತ್ತಲ್ವಾ?”

ಮೇಣದಕ್ಕ ಗಂಟು ಮತ್ತೆ ಕಟ್ಟಿಕೊಂಡಳು.

ಗುರುವಾರ ವಿಚಾರಣೆ ನಡೆದದ್ದು ಪೂಜೆಯ ಉಡುಪುಗಳನ್ನಿಡುವ ಕೋಣೆಯಲ್ಲಿ. ಒಳಗೆ ನಡೆದದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಒಳಗಿದ್ದವರು ಪ್ರಮಾಣ ಮಾಡಬೇಕು. ನಾನು ಹೊರಗಿನ ಬೆಂಚಿನಲ್ಲಿದ್ದೆ. ಆ ಬಾಗಿಲ ಮರ ಉಬ್ಬಿಕೊಂಡು ಚಿಲಕ ಬೀಳುತ್ತಿರಲಿಲ್ಲ, ಕಿವಿ ನನಗೆ ಇನ್ನೂ ಚೆನ್ನಾಗಿದೆ, ನನ್ನಿಂದ ಯಾರೂ ಪ್ರಮಾಣ ಕೇಳಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ಬೆಂಚಿನ ಆ ತುದಿಯಲ್ಲಿ ಮೇಷ್ಟ್ರು ಜಪಸರ ಹಿಡಿದು ಕೂತಿದ್ದರು. ಮಣಿ ಮುಂದೆ ಹೋಗುತ್ತಿರಲಿಲ್ಲ.

ಹಿರಿಯ ಪಾದ್ರಿಯ ದನಿ ಮೆತ್ತಗಿತ್ತು. ಸಮಾಧಿಯ ಮೇಲೆ ಜನ ಪೂಜೆ ಮಾಡುತ್ತಿದ್ದರೇ ಎಂದು ಕೇಳಿದರು.

“ಮಾಡ್ತಿದ್ರು ಫಾದರ್. ಬತ್ತಿ ಹಚ್ತಿದ್ರು. ನಾನು ಕೆರೆದು ತೆಗೀತಿದ್ದೆ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಅವರ ಗುಣ ಹೇಗಿತ್ತು ಎಂದು ಕೇಳಿದಾಗ ಅವಳು ಗಂಡ ಸತ್ತ ಮೂರು ದಿನದ ಕತೆ ಹೇಳಿದಳು. ಬೆಂಚು, ನೀರು, ಏಣಿ, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಅತ್ತಳು. ಮೇಷ್ಟ್ರ ಭುಜ ಸ್ವಲ್ಪ ಇಳಿಯಿತು. ಆಮೇಲೆ ಕಾಗದ ಮೇಜಿನ ಮೇಲೆ ಬಿದ್ದ ಸದ್ದಾಯಿತು.

“ಇದೇನಮ್ಮ?”

“ಇದೂ ಅವರಿಗೇ ಬಂದಿದ್ದು. ಮೂವತ್ತೊಂದಿದೆ. ಮೊದಲಿನವು ಎಷ್ಟು ಕೊಳೆತು ಹೋದವೋ ಗೊತ್ತಿಲ್ಲ. ಬರೆದವರು ಕರೆದ್ರೆ ಬರ್ತಾರೆ.”

ಒಂದು ಬಿಡಿಸಿದ ಸದ್ದು, ಇನ್ನೊಂದು, ಮತ್ತೊಂದು. ಆಮೇಲೆ ಹಿರಿಯ ಪಾದ್ರಿ ಕೇಳಿದರು: “ಹಾಗಾದ್ರೆ ಅವರು ಸಂತರಲ್ಲ ಅಂತೀಯಾ?”

“ಅದು ನಿಮ್ಮ ಕೆಲಸ ಫಾದರ್, ನನಗೆ ಹಾಕಬೇಡಿ. ನನ್ನ ಜೊತೆ ಮೂರು ದಿನ ಕೂತ್ರು. ಆ ತಾಯಿಗೆ ಎರಡು ಸಾಲು ಬರೀಲಿಲ್ಲ. ಒಂದಕ್ಕೆ ಮಾತ್ರ ಪ್ರಮಾಣ ಮಾಡು ಅಂದ್ರೆ ನನ್ನ ಕೈಲಾಗಲ್ಲ.”

ಅವಳು ಹೊರಗೆ ಬಂದಾಗ ಮೇಷ್ಟ್ರು ಎದ್ದು ನಿಂತಿದ್ದರು. ಬೈಗುಳ ಬರುತ್ತದೆ ಎಂದುಕೊಂಡೆ. ಅವರು ಬೈಯಲಿಲ್ಲ.

“ಉಂಡ ಮನೆಗೆ ಎರಡು ಬಗೆದೆಯಲ್ಲಮ್ಮ.”

“ಉಂಡಿದ್ದಕ್ಕೇ ಮೇಷ್ಟ್ರೇ, ನಿನ್ನೆಯಿಂದ ಅನ್ನ ಇಳೀತಿಲ್ಲ.”

“ಅವರು ನನಗೆ ತಂದೆ ಇದ್ದ ಹಾಗೆ ಇದ್ರು. ನಿನಗೇನು ಗೊತ್ತು?”

“ನನಗೂ ಹಾಗೇ ಇದ್ರು.”

ಮೇಷ್ಟ್ರು ಕೈ ಚಾಚಿದರು. ಸಮಾಧಿಯ ಕಟಕಟೆಯ ಬೀಗದಕೈಯನ್ನು ಅವಳು ಸೊಂಟದಿಂದ ಬಿಚ್ಚಿ ಕೊಟ್ಟಳು. ಕೋಣೆಯ ವಿಷಯ ಮುಂದಿನ ಸಭೆಯಲ್ಲಿ ನೋಡುತ್ತೇವೆ ಎಂದರು. ಆ ಸಭೆ ಇನ್ನೂ ಕೂಡಿಲ್ಲ, ದಿನ ಮಾತ್ರ ಎರಡು ಸಲ ಗೊತ್ತುಮಾಡಿ ಮುಂದೂಡಿದ್ದಾರೆ. ಅಷ್ಟರವರೆಗೆ ನಾವು ಇಲ್ಲೇ ಇದ್ದೇವೆ. ಅರ್ಧ ಸಾಮಾನು ಪೆಟ್ಟಿಗೆಯಲ್ಲಿದೆ, ಅರ್ಧ ಹೊರಗಿದೆ. ಬಾಗಿಲು ಯಾರೇ ತಟ್ಟಿದರೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ.

ವಿಚಾರಣೆಯ ಮರುದಿನ ಶುಕ್ರವಾರ. ಅಭ್ಯಾಸಬಲದಿಂದ ಬೇಗ ಎದ್ದ ಮೇಣದಕ್ಕನಿಗೆ ಹೋಗಲು ಜಾಗವಿರಲಿಲ್ಲ. ನಲ್ಲಿಯಲ್ಲಿ ನೀರು ಬಂದಿತ್ತು; ಹೊದಿಕೆಗಳನ್ನು ನೆನೆಹಾಕಿದಳು. ಬಲಿಪೂಜೆಗೆ ಹೋಗುತ್ತಿದ್ದ ಹೆಂಗಸರು ಎಂದಿನಂತೆ “ಏನಕ್ಕ” ಎನ್ನದೆ ಸೆರಗು ಸರಿಮಾಡಿಕೊಂಡು ದಾಟಿದರು. ಬೇಕರಿಯವನು ಮಾತ್ರ ನಿಂತು, “ಗೆದ್ದುಬಿಟ್ಟೆ ಮೇಣದಕ್ಕ!” ಎಂದ.

“ಗೆಲ್ಲೋಕೆ ಇದೇನು ಹಗ್ಗಜಗ್ಗಾಟವೇನಪ್ಪ? ಹೋಗು, ನಿನ್ನ ಬ್ರೆಡ್ಡು ಹೊತ್ತುತ್ತೆ,” ಎಂದು ಅವನನ್ನೂ ಅಟ್ಟಿದಳು. ಅವಳಿಗೆ ಅವನ ಮೇಲೆ ಬಂದಷ್ಟು ಸಿಟ್ಟು ಮೇಷ್ಟ್ರ ಮೇಲೆ ಬಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ನರ್ಸಮ್ಮ ಹಿತ್ತಲಿಗೆ ಬಂದಳು. ಈ ಸಲ ಅವಳ ಕೈಯಲ್ಲಿ ಚೀಟಿಯಿರಲಿಲ್ಲ.

“ವಿಚಾರಣೆಯವರು ಬೆಳಿಗ್ಗೆ ಫೋನ್ ಮಾಡಿದ್ರು. ನಾಳೆ ಹತ್ತು ಗಂಟೆಗೆ ಬಾ ಅಂದ್ರು. ತಂಗಿ ಬರ್ತಾಳಾ ಅಂತ ಕೇಳಿದ್ರು.”

“ಬರ್ತಾಳಾ?”

“ಗೊತ್ತಿಲ್ಲ. ಬಾಗಿಲ ಹೊರಗಿಂದಲೇ ಹೇಳಿದೆ. ‘ಓದಿದವರು ಯಾರು’ ಅಂತ ಕೇಳಿದಳು. ಎಷ್ಟೋ ವರ್ಷದಿಂದ ಅವಳು ನನ್ನನ್ನ ಏನನ್ನೂ ಕೇಳಿರ್ಲಿಲ್ಲ.”

ನರ್ಸಮ್ಮ ಬಕೆಟ್ಟಿನ ಕಡೆ, ನಮ್ಮ ಬಾಗಿಲೊಳಗೆ ಕಾಣುತ್ತಿದ್ದ ಪೆಟ್ಟಿಗೆಯ ಕಡೆ ನೋಡಿದಳು. ಡ್ಯೂಟಿಗೆ ಹೊತ್ತಾಯಿತು ಎಂದಳು, ಆದರೂ ಹೋಗಲಿಲ್ಲ.

“ದೊಡ್ಡ ಹೊದಿಕೆ ಒಬ್ಬಳ ಕೈಲಿ ಆಗಲ್ಲ, ಅಕ್ಕ, ಆ ತುದಿ ಹಿಡ್ಕೋ,” ಎಂದು ಮೇಣದಕ್ಕ ನನ್ನನ್ನು ಕರೆದಳು. ನಾನು ಹಿಡಿದೆ. ಅವಳು ಬಲಕ್ಕೆ ತಿರುವಿದಳು, ನಾನು ಎಡಕ್ಕೆ. ನೀರು ಸುರಿಯಿತು. ನರ್ಸಮ್ಮ ಕೈಚೀಲ ನೆಲಕ್ಕಿಟ್ಟು ತಂತಿಯ ಮೇಲಿದ್ದ ಒಣಗಿದ ಬಟ್ಟೆಗಳನ್ನು ತೆಗೆದು ಜಾಗ ಮಾಡಿದಳು.